18 ದಾಟಿದ ವಿಕಲಚೇತನ ಮಗನಿಗೆ, ಮಗಳಿಗೆ ಕಾನೂನು ಪಾಲಕರು ಯಾರಾಗಬಹುದು? ಅರ್ಹತೆಯಿಂದ ಪ್ರಮಾಣಪತ್ರದವರೆಗೆ ಸಮಗ್ರ ಮಾರ್ಗದರ್ಶಿ

"ನಿಮ್ಮ ಮಗನಿಗೆ 18 ತುಂಬಿತಲ್ಲ ಅಮ್ಮಾ, ಇನ್ನು ಅವರೇ ಸಹಿ ಹಾಕಬೇಕು." ಬ್ಯಾಂಕಿನ ಕೌಂಟರ್‌ನಲ್ಲಿ ಈ ಮಾತು ಕೇಳಿದ ಮೇಲೆಯೇ ಬಹಳಷ್ಟು ತಂದೆತಾಯಿಗೆ ವಿಷಯ ಗೊತ್ತಾಗುವುದು. ಹೆತ್ತವರು ಅನ್ನುವ ಕಾರಣಕ್ಕೆ ಸಿಗುವ ಸಹಜ ಪಾಲಕತ್ವ ಮಗುವಿಗೆ 18 ತುಂಬಿದ ದಿನವೇ ಮುಗಿಯುತ್ತದೆ. ಆಟಿಸಂ, ಬೌದ್ಧಿಕ ಅಂಗವೈಕಲ್ಯದಂಥ ಸ್ಥಿತಿ ಇರುವ ಮಗನಿಗೆ ಊಟ ಮಾಡಿಸುವವರು, ಸ್ನಾನ ಮಾಡಿಸುವವರು, ಮಾತ್ರೆ ಕೊಡುವವರು ನೀವೇ ಆಗಿದ್ದರೂ ಕಾನೂನಿನ ಲೆಕ್ಕದಲ್ಲಿ ಅವನು ಪೂರ್ಣ ವಯಸ್ಕ.

ಇದಕ್ಕೆ ದಾರಿ ಇರುವುದು 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ. ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿ, ಅಂದರೆ ಎಲ್ಲರೂ ಎಲ್‌ಎಲ್‌ಸಿ ಎಂದು ಕರೆಯುವ ಸಮಿತಿ, ಕಾನೂನು ಪಾಲಕರನ್ನು, ಅಂದರೆ ಅವನ ಪರವಾಗಿ ಸಹಿ ಹಾಕಲು, ನಿರ್ಧರಿಸಲು ಅಧಿಕಾರ ಇರುವವರನ್ನು, ನೇಮಿಸುತ್ತದೆ. ಕೋರ್ಟಿಗೆ ಅಲೆಯಬೇಕಿಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕು ಎಂದೂ ಇಲ್ಲ. ಆದರೂ ಅರ್ಜಿಗಳು ವಾಪಸ್ ಬರುತ್ತಲೇ ಇರುತ್ತವೆ, ಅದೂ ಹೆಚ್ಚಾಗಿ ಮೂರೇ ಕಾರಣಕ್ಕೆ: ಅಂಗವೈಕಲ್ಯ ಪ್ರಮಾಣಪತ್ರದಲ್ಲಿ ಸ್ಥಿತಿಯ ಹೆಸರು ಸರಿಯಿರುವುದಿಲ್ಲ, ಅರ್ಜಿ ಹಾಕಬೇಕಾದವರು ಹಾಕಿರುವುದಿಲ್ಲ, ಇಲ್ಲವೇ ಪಾಲಕರೆಂದು ಹೆಸರಿಸಿದವರಿಗೆ ಅರ್ಹತೆ ಇರುವುದಿಲ್ಲ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಐದನೇ ಹಂತದ ಜೆರಾಕ್ಸ್ ಕೆಲಸವನ್ನು ಮೊದಲು ಮುಗಿಸಿ, ಎರಡನೇ ಹಂತದ ತಪ್ಪು ಆಮೇಲೆ ಕಂಡರೆ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

## ಹಂತ 1: ಪಾಲಕತ್ವ ಯಾವುದಕ್ಕೆ ಬೇಕು, ಬರೆದುಕೊಳ್ಳಿ

ಅರ್ಜಿ ಬಂದಾಗ ಸಮಿತಿ ಎರಡು ವಿಷಯ ನೋಡಲೇಬೇಕು ಎಂದು ಕಾಯ್ದೆಯ 14ನೇ ಕಲಂ ಹೇಳುತ್ತದೆ: ಈ ವ್ಯಕ್ತಿಗೆ ಪಾಲಕರು ಬೇಕೇ, ಬೇಕಿದ್ದರೆ ಯಾವ ಉದ್ದೇಶಕ್ಕೆ. "ಎಲ್ಲದಕ್ಕೂ ಬೇಕು" ಎಂದು ಬರೆದುಕೊಟ್ಟವರು ವಿಚಾರಣೆಯ ದಿನ ಉತ್ತರ ಹೇಳಲಾಗದೆ ಕೂರುತ್ತಾರೆ.

ಒಂದು ಹಾಳೆಯಲ್ಲಿ ಸ್ಪಷ್ಟವಾಗಿ ಬರೆಯಿರಿ. ಅಜ್ಜ ಮೊಮ್ಮಗಳ ಹೆಸರಿಗೆ ಇಟ್ಟ ಠೇವಣಿ ಬಿಡಿಸಿಕೊಳ್ಳಬೇಕೇ? ತಂದೆಯ ನಂತರ ಕುಟುಂಬ ಪಿಂಚಣಿ ಅವಳಿಗೆ ಬರಬೇಕೇ? ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಸಹಿ ಬೇಕೇ? ಪಾಲಿಗೆ ಬಂದ ಜಮೀನು ನೋಡಿಕೊಳ್ಳಬೇಕೇ? ಆರೈಕೆ ಒಂದು ಬಗೆ, ಆಸ್ತಿ ಇನ್ನೊಂದು ಬಗೆ. ಎರಡೂ ಬೇಕಿದ್ದರೆ ಎರಡನ್ನೂ ಹೆಸರಿಸಿ ಕೇಳಬೇಕು.

ಇಲ್ಲಿ ನನ್ನದೊಂದು ಕಳಕಳಿಯ ಮಾತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಆಸ್ತಿ ಹೊಂದುವ, ಹಣಕಾಸು ನೋಡಿಕೊಳ್ಳುವ ವಿಷಯದಲ್ಲಿ ಅವರಿಗೂ ಎಲ್ಲರಂತೆಯೇ ಹಕ್ಕಿದೆ ಎನ್ನುತ್ತದೆ. ಅಂಗಡಿಗೆ ಹೋಗಿ ಚಿಲ್ಲರೆ ಎಣಿಸಿ ತರುವ, ತನ್ನ ಹೆಸರು ಬರೆಯುವ, ಪಾಸ್‌ಬುಕ್ ಯಾವುದಕ್ಕೆ ಎಂದು ತಿಳಿದಿರುವ ಮಗಳಿದ್ದರೆ ಮೊದಲು ಅವಳ ಹೆಸರಿನಲ್ಲೇ ಖಾತೆ ತೆರೆಯಲು ಪ್ರಯತ್ನಿಸಿ. ಬ್ಯಾಂಕ್ ಸಿಬ್ಬಂದಿಗೆ ಅನುಕೂಲವೆಂದು ಅವಳ ಸಹಿಯ ಹಕ್ಕನ್ನು ಬಿಟ್ಟುಕೊಡಬೇಡಿ. ಸಹಾಯ ಕೊಟ್ಟೂ ನಿರ್ಧಾರ ಸಾಧ್ಯವಾಗದ ಕಡೆ ಮಾತ್ರ ಪಾಲಕತ್ವ ಕೇಳಿ.

## ಹಂತ 2: ಅಂಗವೈಕಲ್ಯ ಪ್ರಮಾಣಪತ್ರದಲ್ಲಿ ಯಾವ ಹೆಸರು ಬರೆದಿದೆ ನೋಡಿ

ಎಲ್‌ಎಲ್‌ಸಿ ನೇಮಿಸುವುದು ನಾಲ್ಕು ಸ್ಥಿತಿಗಳಿಗೆ ಮಾತ್ರ: ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ (ಕಾಯ್ದೆಯಲ್ಲಿ ಇನ್ನೂ ಬುದ್ಧಿಮಾಂದ್ಯ ಎಂಬ ಹಳೆಯ ಪದವೇ ಇದೆ) ಮತ್ತು ಬಹುವಿಧ ಅಂಗವೈಕಲ್ಯ. ಡೌನ್ ಸಿಂಡ್ರೋಮ್ ಇರುವವರು ಸಾಮಾನ್ಯವಾಗಿ ಬೌದ್ಧಿಕ ಅಂಗವೈಕಲ್ಯದ ಅಡಿಯಲ್ಲಿ ಬರುತ್ತಾರೆ.

ಸೆರೆಬ್ರಲ್ ಪಾಲ್ಸಿ ಇರುವವರ ಮನೆಯವರು ಇಲ್ಲೇ ಎಡವುವುದು. 2016ರ ಕಾಯ್ದೆಯ ಪಟ್ಟಿಯಲ್ಲಿ ಸೆರೆಬ್ರಲ್ ಪಾಲ್ಸಿ ಇರುವುದು ಚಲನವಲನ ವೈಕಲ್ಯದ ಗುಂಪಿನಲ್ಲಿ. ಹೀಗಾಗಿ ಪ್ರಮಾಣಪತ್ರದಲ್ಲಿ ಬರೀ "ಚಲನವಲನ ವೈಕಲ್ಯ" ಎಂದಷ್ಟೇ ಮುದ್ರಣವಾಗಿ ಬಂದಿರಬಹುದು. ಅದನ್ನು ನೋಡಿದ ಗುಮಾಸ್ತರಿಗೆ ಇದು ಪೋಲಿಯೊ ಕೇಸೋ ಅಪಘಾತದ ಕೇಸೋ ತಿಳಿಯುವುದಿಲ್ಲ. ರೋಗನಿರ್ಣಯದ ಸಾಲಿನಲ್ಲಿ ಸೆರೆಬ್ರಲ್ ಪಾಲ್ಸಿ ಎಂಬ ಹೆಸರು ಇರಲೇಬೇಕು. ಇಲ್ಲದಿದ್ದರೆ ಜಿಲ್ಲಾ ಆಸ್ಪತ್ರೆಯ ವೈದ್ಯಕೀಯ ಮಂಡಳಿಯಿಂದ ಸರಿಪಡಿಸಿಕೊಂಡೇ ಮುಂದೆ ಹೋಗಿ. ಜತೆಗೆ ಬೌದ್ಧಿಕ ಅಂಗವೈಕಲ್ಯವೂ ಇದ್ದರೆ ಅದನ್ನೂ ಪರೀಕ್ಷಿಸಿ ದಾಖಲಿಸಲು ಕೇಳಿ.

ಇನ್ನೊಂದು ಸಾಮಾನ್ಯ ತೊಡಕೆಂದರೆ ಶಾಲೆಗೆ ಸೇರಿಸುವಾಗ ಮಾಡಿಸಿದ ಹಳೆಯ ಪ್ರಮಾಣಪತ್ರ. ಅದರ ಮೂಲೆಯಲ್ಲಿ ಅವಧಿ ನಮೂದಾಗಿದೆಯೇ ನೋಡಿ. ಅವಧಿ ಮುಗಿದಿದ್ದರೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಯುಡಿಐಡಿಗೆ (ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ) ಮತ್ತೆ ಅರ್ಜಿ ಹಾಕಿ ಹೊಸ ಮೌಲ್ಯಮಾಪನ ಮಾಡಿಸಬೇಕು.

ಸ್ಕಿಜೋಫ್ರೇನಿಯಾದಂಥ ಮಾನಸಿಕ ಕಾಯಿಲೆ ಮಾತ್ರ ಇದ್ದರೆ ಈ ದಾರಿ ನಿಮಗಲ್ಲ. ಆಗ 2016ರ ಕಾಯ್ದೆಯ 14ನೇ ಕಲಮಿನಡಿ ಸೀಮಿತ ಪಾಲಕತ್ವ ಕೇಳಬೇಕಾಗುತ್ತದೆ. ಅದು ಜಿಲ್ಲಾ ನ್ಯಾಯಾಲಯದ ಅಥವಾ ಸರ್ಕಾರ ಗೊತ್ತುಪಡಿಸಿದ ಪ್ರಾಧಿಕಾರದ ಕೆಲಸ. ಕಲಿಕಾ ನ್ಯೂನತೆಯೊಂದೇ ಇರುವವರಿಗೂ ಎಲ್‌ಎಲ್‌ಸಿಯ ದಾರಿ ಇಲ್ಲ.

## ಹಂತ 3: ಅರ್ಜಿ ಹಾಕುವ ಸರದಿ ಯಾರದ್ದು?

ಅರ್ಜಿ ಹಾಕುವವರು ಬೇರೆ, ಪಾಲಕರಾಗುವವರು ಬೇರೆ. ಇಬ್ಬರೂ ಒಬ್ಬರೇ ಆಗಿರಬಹುದು, ಆಗಲೇಬೇಕು ಎಂದಿಲ್ಲ. ಅರ್ಜಿ ಹಾಕುವ ಹಕ್ಕಿಗೆ ಒಂದು ಸರದಿ ಇದೆ.

ಮೊದಲು ತಂದೆ ತಾಯಿ, ಇಬ್ಬರೂ ಸೇರಿ. ಒಬ್ಬರು ತೀರಿಕೊಂಡಿದ್ದರೆ, ವಿಚ್ಛೇದನವಾಗಿದ್ದರೆ, ಬಿಟ್ಟುಹೋಗಿದ್ದರೆ, ಶಿಕ್ಷೆಗೆ ಒಳಗಾಗಿದ್ದರೆ ಮಾತ್ರ ಇನ್ನೊಬ್ಬರು ಒಂಟಿಯಾಗಿ ಹಾಕಬಹುದು. ಅದಕ್ಕೆ ಪುರಾವೆ ಬೇಕು. ಗಂಡ ಬಿಟ್ಟುಹೋಗಿ ವರ್ಷಗಳೇ ಕಳೆದರೂ ಕೋರ್ಟಿನ ಕಾಗದ ಇಲ್ಲದ ತಾಯಂದಿರು ಬಹಳ. ಅಂಥವರು ಆ ವಿಷಯವನ್ನು ಅಫಿಡವಿಟ್‌ನಲ್ಲಿ ಬರೆದು, ಪೊಲೀಸ್ ದೂರು, ಜೀವನಾಂಶದ ಅರ್ಜಿ, ರೇಷನ್ ಕಾರ್ಡ್ ಹೀಗೆ ಸಿಕ್ಕ ದಾಖಲೆಯನ್ನೆಲ್ಲ ಜತೆಗಿಡಿ.

ತಂದೆ ತಾಯಿ ಇಬ್ಬರೂ ಇಲ್ಲದಿದ್ದರೆ ಒಡಹುಟ್ಟಿದವರು, ಮಲ ಸೋದರ ಸೋದರಿಯರೂ ಸೇರಿ. ಅವರಲ್ಲಿ ಒಬ್ಬರೇ ಹಾಕುವುದಾದರೆ ಉಳಿದವರು ಯಾಕೆ ಸೇರಿಲ್ಲ ಎಂದು ಬರೆದುಕೊಡಬೇಕು. ಅಣ್ಣತಮ್ಮಂದಿರ ನಡುವೆ ಆಸ್ತಿ ಮನಸ್ತಾಪ ಇರುವ ಮನೆಗಳಲ್ಲಿ ಅರ್ಜಿ ತಿಂಗಳುಗಟ್ಟಲೆ ನಿಲ್ಲುವುದು ಇಲ್ಲೇ. ಎಲ್ಲರ ಒಪ್ಪಿಗೆ ಪತ್ರ ಮೊದಲೇ ತೆಗೆದುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಅವರೂ ಮುಂದೆ ಬರದಿದ್ದರೆ ಸಂಬಂಧಿಕರು, ಆಮೇಲೆ ನ್ಯಾಷನಲ್ ಟ್ರಸ್ಟ್‌ನಲ್ಲಿ (ಈ ಕಾಯ್ದೆಯಡಿ ಕೇಂದ್ರ ಸರ್ಕಾರ ಸ್ಥಾಪಿಸಿದ ಸಂಸ್ಥೆ) ನೋಂದಾಯಿತ ಸಂಸ್ಥೆ. ಊರಿನ ಯಾವುದೋ ಟ್ರಸ್ಟ್ ಅಥವಾ ಸಂಘ ಒಳ್ಳೆಯ ಕೆಲಸ ಮಾಡುತ್ತಿರಬಹುದು, ಆದರೆ ಈ ಕಾಯ್ದೆಯಡಿ ನೋಂದಣಿ ಇಲ್ಲದಿದ್ದರೆ ಅರ್ಜಿ ಹಾಕಲಾರದು. ಯಾರೂ ಇಲ್ಲದ ಅನಾಥರ ವಿಷಯದಲ್ಲಿ ಅರ್ಜಿ ಹಾಕುವಂತೆ ಸಮಿತಿಯೇ ನೋಂದಾಯಿತ ಸಂಸ್ಥೆಗೆ ಸೂಚಿಸಬಹುದು.

## ಹಂತ 4: ಪಾಲಕರಾಗುವವರ ಅರ್ಹತೆ ಒಂದೊಂದಾಗಿ ಪರೀಕ್ಷಿಸಿ

ಹೆಸರು ಬರೆಯುವ ಮೊದಲು ಈ ಪ್ರಶ್ನೆಗಳನ್ನು ಆ ವ್ಯಕ್ತಿಯ ಎದುರೇ ಕೇಳಿ. ಸಂಕೋಚ ಬೇಡ, ಸಮಿತಿಯೂ ಇವನ್ನೇ ಕೇಳುತ್ತದೆ.

ಭಾರತದ ಪ್ರಜೆಯೇ? ತಂಗಿಯನ್ನು ನೋಡಿಕೊಳ್ಳುತ್ತೇನೆಂದು ಮನಸಾರೆ ಹೇಳುವ ಅಣ್ಣ ಅಮೆರಿಕದಲ್ಲೋ ಆಸ್ಟ್ರೇಲಿಯಾದಲ್ಲೋ ಅಲ್ಲಿನ ಪೌರತ್ವ ಪಡೆದಿದ್ದರೆ ಇಲ್ಲಿ ಅರ್ಹನಲ್ಲ. ಹೊರದೇಶದ ಪೌರತ್ವ ಪಡೆದ ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಪೌರತ್ವವಲ್ಲ. ಭಾರತದ ಪಾಸ್‌ಪೋರ್ಟನ್ನೇ ಇಟ್ಟುಕೊಂಡು ಹೊರದೇಶದಲ್ಲಿ ಕೆಲಸ ಮಾಡುತ್ತಿದ್ದರೆ ಈ ಅಡ್ಡಿ ಇಲ್ಲ, ಆದರೆ ದಿನನಿತ್ಯದ ಆರೈಕೆ ಯಾರದ್ದು ಎಂಬ ಪ್ರಶ್ನೆ ಬಂದೇ ಬರುತ್ತದೆ. ಹೊರದೇಶದಲ್ಲಿ ಮಕ್ಕಳಿರುವ ಮನೆಗಳು ಇದನ್ನು ಮೊದಲೇ ಯೋಚಿಸಬೇಕು. ಮಗ ಪೌರತ್ವ ಬದಲಾಯಿಸುವ ಮುನ್ನ ಮನೆಯಲ್ಲಿ ಆಡಬೇಕಾದ ಮಾತಿದು.

ಮಾನಸಿಕ ಕಾಯಿಲೆಗೆ ಸದ್ಯ ಚಿಕಿತ್ಸೆಯಲ್ಲಿದ್ದಾರೆಯೇ? ಇದ್ದರೆ ಅವರನ್ನು ಪರಿಗಣಿಸುವುದಿಲ್ಲ. ವರ್ಷಾನುಗಟ್ಟಲೆ ಆರೈಕೆ ಮಾಡಿ ದಣಿದ ತಾಯಿ ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವುದು ಅಪರೂಪವಲ್ಲ, ಈ ನಿಯಮ ಅವರನ್ನು ನೋಯಿಸುತ್ತದೆ ಎಂದು ನನಗೆ ಗೊತ್ತು. ಮುಚ್ಚಿಡುವುದಕ್ಕಿಂತ ತಂದೆಯನ್ನೋ ಇನ್ನೊಬ್ಬ ಮಗಳನ್ನೋ ಪಾಲಕರಾಗಿ ಸೂಚಿಸುವುದು ಸುರಕ್ಷಿತ. ಆರೈಕೆ ಹೇಗೂ ತಾಯಿಯದ್ದೇ ಆಗಿ ಮುಂದುವರಿಯುತ್ತದೆ.

ಅಪರಾಧದಲ್ಲಿ ಶಿಕ್ಷೆಯಾದ ಇತಿಹಾಸ ಇದೆಯೇ? ಕ್ರಿಮಿನಲ್ ಮೊಕದ್ದಮೆ ಏನಾದರೂ ನಡೆಯುತ್ತಿದೆಯೇ ಎಂದೂ ಕೇಳಿಕೊಳ್ಳಿ. ಜಮೀನು ಜಗಳದಲ್ಲಿ ದಾಯಾದಿಗಳು ಹಾಕಿದ ಕೇಸು ನೆನಪಿಗೇ ಬಾರದಿರಬಹುದು, ಕೇಳಿ ಖಚಿತಪಡಿಸಿಕೊಳ್ಳಿ.

ಜೀವನಕ್ಕೆ ಬೇರೆಯವರನ್ನೇ ನೆಚ್ಚಿಕೊಂಡಿದ್ದಾರೆಯೇ? ದಿವಾಳಿ ಎಂದು ಘೋಷಣೆಯಾಗಿದೆಯೇ? ಎರಡೂ ಅನರ್ಹತೆಯೇ. ಆದಾಯದ ಏನಾದರೂ ದಾಖಲೆ ತೋರಿಸಿ. ಕೂಲಿ, ಹೈನುಗಾರಿಕೆ, ಸಣ್ಣ ಅಂಗಡಿ ಯಾವುದಾದರೂ ಸರಿ, ತಹಶೀಲ್ದಾರರ ಆದಾಯ ಪ್ರಮಾಣಪತ್ರ ಇರಲಿ.

ಮಗಳಿಗೆ ಪಾಲಕರು ಬೇಕೇ? ಹಾಗಿದ್ದರೆ ಒಂಟಿ ಗಂಡಸನ್ನು ನೇಮಿಸುವುದಿಲ್ಲ. ಅಣ್ಣನಿಗೆ ಮದುವೆಯಾಗಿದ್ದರೆ ಅವನು ಸಹ ಪಾಲಕ, ಅತ್ತಿಗೆಯೇ ಮುಖ್ಯ ಪಾಲಕಿ. ಅತ್ತಿಗೆಯ ಒಪ್ಪಿಗೆ ಇಲ್ಲದೆ ಅಣ್ಣನ ಹೆಸರೊಂದನ್ನೇ ಬರೆದ ಅರ್ಜಿ ನಿಲ್ಲುವುದಿಲ್ಲ. ಹೆಂಡತಿಯನ್ನು ಕಳೆದುಕೊಂಡ ತಂದೆಯೇ ಮಗಳನ್ನು ನೋಡಿಕೊಳ್ಳುತ್ತಿದ್ದರೆ ಅರ್ಜಿಗೆ ಮೊದಲೇ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಯ ಹತ್ತಿರ ಈ ವಿಷಯ ಬಿಚ್ಚಿ ಮಾತಾಡಿ. ಜವಾಬ್ದಾರಿ ಹೊರಲು ಒಪ್ಪುವ ಚಿಕ್ಕಮ್ಮನನ್ನೋ ಅಕ್ಕನನ್ನೋ ಜತೆಗೆ ಕರೆದುಕೊಂಡು ಹೋಗಿ.

ಸಂಸ್ಥೆಯೊಂದು ಪಾಲಕ ಆಗುವುದಾದರೆ ಅದಕ್ಕೆ ರಾಜ್ಯ ಅಥವಾ ಕೇಂದ್ರ ಸರ್ಕಾರದ ಮಾನ್ಯತೆ ಇರಬೇಕು. ಜತೆಗೆ ಆ ಬಗೆಯ ಅಂಗವೈಕಲ್ಯದ ಪುನರ್ವಸತಿಯಲ್ಲಿ, ವಸತಿ ಸೌಲಭ್ಯ ನಡೆಸುವುದೂ ಸೇರಿ, ಕನಿಷ್ಠ 2 ವರ್ಷದ ಅನುಭವ ಬೇಕು.

ವಯಸ್ಸಿನ ಬಗ್ಗೆಯೂ ಒಂದು ಮಾತು. 72ರ ತಂದೆ, 68ರ ತಾಯಿ ಇಬ್ಬರೇ ಪಾಲಕರಾದರೆ ಇನ್ನು ಕೆಲವೇ ವರ್ಷಗಳಲ್ಲಿ ಇದೇ ಕೆಲಸ ಮತ್ತೊಮ್ಮೆ ಮಾಡಬೇಕಾಗುತ್ತದೆ, ಆಗ ಓಡಾಡಲು ಅವರಿರುವುದಿಲ್ಲ. ಮುಂದಿನ ಪೀಳಿಗೆಯ ಒಬ್ಬರನ್ನು ಈಗಲೇ ಜತೆಗೆ ಸೂಚಿಸಬಹುದೇ ಎಂದು ಸಮಿತಿಯನ್ನು ಕೇಳಿ.

## ಹಂತ 5: ಕಾಗದಪತ್ರ

ಅರ್ಜಿ ನಮೂನೆ ಎ. ಅದರೊಂದಿಗೆ ಅಂಗವೈಕಲ್ಯ ಪ್ರಮಾಣಪತ್ರ ಅಥವಾ ಯುಡಿಐಡಿ ಕಾರ್ಡ್, ವಯಸ್ಸಿನ ದಾಖಲೆ, ಎಲ್ಲರ ಆಧಾರ್, ವಿಳಾಸದ ದಾಖಲೆ, ಫೋಟೊ, ಪಾಲಕರಾಗುವವರ ಲಿಖಿತ ಒಪ್ಪಿಗೆ, ತಂದೆ ತಾಯಿ ಬದುಕಿದ್ದರೆ ಅವರ ಒಪ್ಪಿಗೆ, ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ ಇಟ್ಟುಕೊಳ್ಳಿ. ಆಸ್ತಿಯ ಪಾಲಕತ್ವ ಕೇಳುತ್ತಿದ್ದರೆ ಪಹಣಿ ಅಥವಾ ಖಾತೆಯ ಪ್ರತಿ, ಪಾಸ್‌ಬುಕ್, ಠೇವಣಿ ರಸೀದಿಯೂ ಬೇಕು. ಜಿಲ್ಲೆಯಿಂದ ಜಿಲ್ಲೆಗೆ ಇನ್ನೊಂದೆರಡು ಕಾಗದ ಹೆಚ್ಚು ಕೇಳುವುದುಂಟು, ಮೊದಲ ಭೇಟಿಯಲ್ಲೇ ಪಟ್ಟಿ ಬರೆಸಿಕೊಂಡು ಬನ್ನಿ.

ಈಗ ಎಲ್ಲ ಕಾಗದಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ಹೆಸರುಗಳನ್ನು ಮಾತ್ರ ಓದಿ. ಆಧಾರ್‌ನಲ್ಲಿ "ಮಂಜುನಾಥ ಎಸ್", ಯುಡಿಐಡಿಯಲ್ಲಿ "ಎಸ್ ಮಂಜುನಾಥ್", ಶಾಲೆಯ ಟಿಸಿಯಲ್ಲಿ "ಮಂಜುನಾಥ ಶಿವಪ್ಪ". ನಮ್ಮ ಕಡೆ ಇನಿಶಿಯಲ್ ಹಿಂದೆ ಮುಂದೆ ಆಗುವುದು ಸಾಮಾನ್ಯ, ಆದರೆ ನೇಮಕದ ಆದೇಶ ಒಂದು ಹೆಸರಿನಲ್ಲಿ ಬಂದು ಬ್ಯಾಂಕ್ ಖಾತೆ ಇನ್ನೊಂದು ಹೆಸರಿನಲ್ಲಿದ್ದರೆ ಪಟ್ಟ ಶ್ರಮವೆಲ್ಲ ನೀರಲ್ಲಿ ಹೋಮ. ಆಧಾರ್ ಮತ್ತು ಯುಡಿಐಡಿ ಎರಡನ್ನಾದರೂ ಒಂದೇ ಹೆಸರಿಗೆ ತಂದುಕೊಂಡು ಮುಂದೆ ಹೋಗಿ.

## ಹಂತ 6: ಅರ್ಜಿ ಎಲ್ಲಿ, ಹೇಗೆ

ಮಗ ಅಥವಾ ಮಗಳು ಈಗ ವಾಸವಿರುವ ಜಿಲ್ಲೆಯ ಎಲ್‌ಎಲ್‌ಸಿಗೆ ಕೊಡಬೇಕು, ಮೂಲ ಊರಿನ ಜಿಲ್ಲೆಗಲ್ಲ. ಸಮಿತಿಯಲ್ಲಿ ಮೂವರಿರುತ್ತಾರೆ: ಜಿಲ್ಲಾಧಿಕಾರಿ ದರ್ಜೆಯ ಅಧಿಕಾರಿ, ನೋಂದಾಯಿತ ಸಂಸ್ಥೆಯ ಪ್ರತಿನಿಧಿ, ಒಬ್ಬ ವಿಕಲಚೇತನ ವ್ಯಕ್ತಿ. ಕರ್ನಾಟಕದಲ್ಲಿ ವಿಚಾರಿಸಬೇಕಾದ ಜಾಗ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಯ ಕಚೇರಿ. ಹಳ್ಳಿಯಲ್ಲಿರುವವರು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಮೊದಲು ಹಿಡಿಯಿರಿ, ನಮೂನೆ ತುಂಬಲು ಅವರು ನೆರವಾಗುತ್ತಾರೆ. ಕಾಸರಗೋಡು, ಸೊಲ್ಲಾಪುರ, ಮುಂಬೈಯ ಕನ್ನಡಿಗರಿಗೂ ಇದೇ ಕಾಯ್ದೆ, ವಿಚಾರಿಸಬೇಕಾದದ್ದು ಅಲ್ಲಿನ ಕಲೆಕ್ಟರ್ ಕಚೇರಿಯಲ್ಲಿ.

ಅರ್ಜಿ ಕೊಟ್ಟಾಗ ಸ್ವೀಕೃತಿಯ ಸೀಲು, ದಿನಾಂಕ ಹಾಕಿಸಿಕೊಂಡ ನಿಮ್ಮ ಪ್ರತಿಯೇ ಮುಂದೆ ಆಧಾರ. ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸಭೆ ಸೇರಬೇಕು ಎಂದು ಕಾಯ್ದೆಯಲ್ಲೇ ಇದೆ. ಅಷ್ಟು ಕಾಲ ಕಳೆದರೂ ಸುದ್ದಿ ಇಲ್ಲದಿದ್ದರೆ ಅಧ್ಯಕ್ಷರಿಗೆ ಬರವಣಿಗೆಯಲ್ಲಿ ಕೇಳಿ. ಅದಕ್ಕೂ ಜಗ್ಗದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ವಿಕಲಚೇತನರಿಗೆ ಅಲ್ಲಿ ಉಚಿತ ಕಾನೂನು ನೆರವು ಸಿಗುತ್ತದೆ.

ಎಚ್ಚರಿಕೆಯ ಗುರುತುಗಳೂ ಇವೆ. "ನಾನೇ ಸರ್ಟಿಫಿಕೇಟ್ ಮಾಡಿಸಿಕೊಡುತ್ತೇನೆ, ಇಷ್ಟು ಕೊಡಿ" ಎನ್ನುವ ಮಧ್ಯವರ್ತಿಯನ್ನು ದೂರವಿಡಿ. "ನೋಟರಿ ಅಫಿಡವಿಟ್ ಸಾಕು" ಅಥವಾ "ಮಗನ ಹೆಬ್ಬೆಟ್ಟು ಹಾಕಿಸಿ ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮಾಡಿಸಿ" ಎನ್ನುವವರ ಮಾತು ಇನ್ನೂ ಅಪಾಯ. ಏನು ಬರೆದಿದೆ ಎಂದು ತಿಳಿಯದವರ ಹೆಬ್ಬೆಟ್ಟು ಒತ್ತಿಸಿದ ಜಿಪಿಎ ಕಾನೂನಿನ ಎದುರು ನಿಲ್ಲುವುದಿಲ್ಲ. ತಂದೆ ವಿಲ್‌ನಲ್ಲಿ ಹೆಸರು ಬರೆದಿಟ್ಟರೂ, ಬ್ಯಾಂಕ್ ನಾಮಿನಿ ಆಗಿದ್ದರೂ ವಯಸ್ಕ ಮಗನಿಗೆ ಯಾರೂ ಪಾಲಕರಾಗುವುದಿಲ್ಲ.

## ಹಂತ 7: ಪರಿಶೀಲನೆ ಮತ್ತು ವಿಚಾರಣೆ

ಮನೆಗೆ ಭೇಟಿ ಕೊಡಬಹುದು, ಕಚೇರಿಗೆ ಕರೆಯಬಹುದು. ಮಗಳನ್ನು ಕರೆದುಕೊಂಡು ಹೋಗಬೇಕಾದರೆ ಅವಳಿಗೆ ಗದ್ದಲ, ಕಾಯುವಿಕೆ ಆಗದು ಎಂದು ಮೊದಲೇ ಕಚೇರಿಗೆ ತಿಳಿಸಿ, ಬೇಗ ಕರೆಯುವಂತೆ ಕೇಳಿಕೊಳ್ಳಿ. ಅವಳಿಗೆ ಇಷ್ಟದ ತಿಂಡಿ, ನೀರು, ಹೊತ್ತಿನ ಮಾತ್ರೆ ಜತೆಗಿರಲಿ.

ಯಾರ ಜತೆ ಇರಲು ಇಷ್ಟ ಎಂದು ಅವಳನ್ನೇ ಕೇಳಿದರೆ ನೀವು ನಡುವೆ ಬಾಯಿ ಹಾಕಬೇಡಿ. ಮಾತು ಬಾರದಿದ್ದರೂ ಅವಳು ಯಾರ ಕೈ ಹಿಡಿಯುತ್ತಾಳೆ, ಯಾರು ಹತ್ತಿರ ಬಂದರೆ ಹಿಂದೆ ಸರಿಯುತ್ತಾಳೆ ಎನ್ನುವುದೂ ಉತ್ತರವೇ. ಸೂಚಿಸಿದ ಪಾಲಕರಿಗೆ ಅವಳ ಔಷಧದ ಹೆಸರು, ಊಟದ ಕ್ರಮ, ಫಿಟ್ಸ್ ಬಂದರೆ ಏನು ಮಾಡಬೇಕು ಎನ್ನುವುದು ಗೊತ್ತಿಲ್ಲದಿದ್ದರೆ ಸಮಿತಿಗೆ ಅನುಮಾನ ಬರುವುದು ಸಹಜ. ನೇಮಕವಾದರೆ ಆದೇಶ ನಮೂನೆ ಬಿಯಲ್ಲಿ ಬರುತ್ತದೆ, ಇದೇ ಪಾಲಕತ್ವದ ಪ್ರಮಾಣಪತ್ರ. ಕಚೇರಿಯಲ್ಲಿ ನಿಂತೇ ಹೆಸರು, ಜನ್ಮದಿನಾಂಕ, ಆರೈಕೆ, ಆಸ್ತಿ ಎಲ್ಲ ಸರಿ ಬರೆದಿದೆಯೇ ಓದಿ ನೋಡಿ.

## ಹಂತ 8: ಪ್ರಮಾಣಪತ್ರ ಬಳಸುವುದು

ಎಲ್‌ಎಲ್‌ಸಿ ಕೊಟ್ಟ ಪ್ರಮಾಣಪತ್ರದ ಆಧಾರದ ಮೇಲೆ ಖಾತೆ ತೆರೆಯಬಹುದು, ನಡೆಸಬಹುದು ಎಂದು ರಿಸರ್ವ್ ಬ್ಯಾಂಕ್ 2007ರಲ್ಲೇ ಬ್ಯಾಂಕುಗಳಿಗೆ ತಿಳಿಸಿದೆ. ಶಾಖೆಯಲ್ಲಿ "ಕೋರ್ಟ್ ಆರ್ಡರ್ ತನ್ನಿ" ಎಂದರೆ ಈ ಸೂಚನೆಯನ್ನು ಹೇಳಿ, ನಿರಾಕರಣೆಯನ್ನು ಬರವಣಿಗೆಯಲ್ಲಿ ಕೇಳಿ. ಬರೆದುಕೊಡಿ ಎಂದ ಕೂಡಲೇ ಹಲವು ಕಡೆ ಕೆಲಸ ಸಲೀಸಾಗುತ್ತದೆ.

ಕೇಂದ್ರ ಸರ್ಕಾರದ ನೌಕರರ ಕುಟುಂಬ ಪಿಂಚಣಿಗೂ ಈ ಪ್ರಮಾಣಪತ್ರ ನಡೆಯುತ್ತದೆ. ಆದರೆ ಪಿಂಚಣಿದಾರರು ಬದುಕಿರುವಾಗಲೇ ಮಗನ ಹೆಸರು, ಅಂಗವೈಕಲ್ಯದ ವಿವರ ಪಿಂಚಣಿ ಕಡತಕ್ಕೆ ಸೇರಿಸಿಬಿಡಿ. ಅವರು ತೀರಿಕೊಂಡ ಮೇಲೆ ಓಡಾಡುವುದು ಬಹಳ ಕಷ್ಟ.

ಮಗನ ಹೆಸರಿನ ಜಮೀನು ಮಾರುವ ವಿಷಯದಲ್ಲಿ ಮಾತ್ರ ಅವಸರ ಬೇಡ. ಪ್ರಮಾಣಪತ್ರ ನೋಡಿಕೊಳ್ಳುವ ಹೊಣೆ ಕೊಟ್ಟಿದೆ, ಒಡೆತನ ಕೊಟ್ಟಿಲ್ಲ. ವಕೀಲರ ಸಲಹೆ, ಸಮಿತಿಯ ಲಿಖಿತ ಅನುಮತಿ ಇಲ್ಲದೆ ಮುಂಗಡ ಹಣಕ್ಕೆ ಕೈಯೊಡ್ಡಬೇಡಿ.

## ಹಂತ 9: ಲೆಕ್ಕ ಒಪ್ಪಿಸುವುದು

ಬಹುತೇಕರು ಮರೆಯುವ ಹಂತ. ನೇಮಕವಾದ 6 ತಿಂಗಳೊಳಗೆ ಆ ವ್ಯಕ್ತಿಯ ಆಸ್ತಿ, ಹಣ, ಬರಬೇಕಾದದ್ದು, ಕೊಡಬೇಕಾದ ಸಾಲ ಎಲ್ಲದರ ಪಟ್ಟಿಯನ್ನು ನಮೂನೆ ಸಿಯಲ್ಲಿ ಕೊಡಬೇಕು. ಆಮೇಲೆ ಪ್ರತಿ ಹಣಕಾಸು ವರ್ಷ ಮುಗಿದು 3 ತಿಂಗಳೊಳಗೆ, ಅಂದರೆ ಜೂನ್ 30ರೊಳಗೆ, ಬಂದದ್ದು, ಖರ್ಚಾದದ್ದು, ಉಳಿದದ್ದರ ಲೆಕ್ಕ ನಮೂನೆ ಡಿಯಲ್ಲಿ.

ಮಗನ ಹಣಕ್ಕೆ ಬೇರೆಯೇ ಖಾತೆ ಇರಲಿ, ಮನೆಖರ್ಚಿನ ಖಾತೆಯೊಂದಿಗೆ ಬೆರೆಸಬೇಡಿ. ಒಂದು ನೋಟ್‌ಬುಕ್‌ನಲ್ಲಿ ದಿನಾಂಕ, ಮೊತ್ತ, ಯಾವುದಕ್ಕೆ ಎಂದು ಮೂರು ಕಾಲಂ ಸಾಕು. ಡಯಾಪರ್, ಫಿಸಿಯೊಥೆರಪಿ, ಔಷಧಿ ಅಂಗಡಿಯ ಬಿಲ್‌ಗಳನ್ನು ಅದೇ ಪುಸ್ತಕಕ್ಕೆ ಪಿನ್ ಮಾಡಿ. ಥರ್ಮಲ್ ಕಾಗದದ ಬಿಲ್ ಬೇಗ ಮಾಸುತ್ತದೆ, ಮೊಬೈಲ್‌ನಲ್ಲಿ ಫೋಟೊ ತೆಗೆದಿಡಿ.

## ಹಂತ 10: ಪಾಲಕರನ್ನು ಬದಲಿಸಬೇಕಾದಾಗ

ಪಾಲಕರು ತೀರಿಕೊಂಡರೆ ಪ್ರಮಾಣಪತ್ರ ಇನ್ನೊಬ್ಬರಿಗೆ ತಾನಾಗಿ ವರ್ಗವಾಗುವುದಿಲ್ಲ, ಹೊಸ ಅರ್ಜಿ ಬೇಕು. ಪಾಲಕರು ಹಿಂಸೆ ಕೊಡುತ್ತಿದ್ದರೆ, ನಿರ್ಲಕ್ಷಿಸುತ್ತಿದ್ದರೆ, ಆಸ್ತಿ ಪೋಲು ಮಾಡುತ್ತಿದ್ದರೆ ತಂದೆ ತಾಯಿ, ಸಂಬಂಧಿಕರು ಅಥವಾ ನೋಂದಾಯಿತ ಸಂಸ್ಥೆ ನ್ಯಾಷನಲ್ ಟ್ರಸ್ಟ್ ಕಾಯ್ದೆಯ 17ನೇ ಕಲಮಿನಡಿ ಸಮಿತಿಗೆ ದೂರು ಕೊಡಬಹುದು. ಸಮಿತಿ ಆ ಪಾಲಕರ ಮಾತನ್ನೂ ಕೇಳಿ, ಕಾರಣ ಬರೆದು ಅವರನ್ನು ತೆಗೆದು ಬೇರೆಯವರನ್ನು ನೇಮಿಸಬಹುದು. ತೆಗೆಯಲಾದವರು ಆಸ್ತಿಯೆಲ್ಲವನ್ನೂ ಹೊಸ ಪಾಲಕರಿಗೆ ಒಪ್ಪಿಸಲೇಬೇಕು.

ನೆರೆಯವರಿಗೆ, ವಿಶೇಷ ಶಾಲೆಯ ಶಿಕ್ಷಕರಿಗೆ ಕಣ್ಣಿಗೆ ಬೀಳುವ ಲಕ್ಷಣಗಳು ಇವು: ಮೈಮೇಲೆ ಮತ್ತೆ ಮತ್ತೆ ಕಾಣುವ ಗಾಯ, ಇದ್ದಕ್ಕಿದ್ದಂತೆ ಇಳಿದ ತೂಕ, ನಿಂತುಹೋದ ಔಷಧ, ಭೇಟಿಯಾಗಲು ಬಂದವರಿಗೆಲ್ಲ "ಮಲಗಿದ್ದಾನೆ" ಎಂಬ ಉತ್ತರ, ಪಿಂಚಣಿ ಬಂದ ದಿನವೇ ಖಾಲಿಯಾಗುವ ಖಾತೆ. ನೆರೆಯವರು, ಶಿಕ್ಷಕರು ನೇರವಾಗಿ ಈ ಕಲಮಿನಡಿ ಅರ್ಜಿ ಹಾಕಲಾಗದಿದ್ದರೂ ನೋಂದಾಯಿತ ಸಂಸ್ಥೆಗೋ ಕಲ್ಯಾಣಾಧಿಕಾರಿಗೋ ಬರವಣಿಗೆಯಲ್ಲಿ ತಿಳಿಸಬಹುದು. ನೋಡಿದ ದಿನಾಂಕಗಳನ್ನು ಬರೆದಿಟ್ಟುಕೊಂಡೇ ಹೋಗಿ, ಸಮಿತಿ ಮೊದಲು ಕೇಳುವುದು ಅದನ್ನೇ.